ತಲೆಸುತ್ತಿಗೆ ಗ್ಲೂಕೋಸ್ ಬಾಟ್ಲಿ ಮದ್ದಲ್ಲ

ಚಳ್ಳಕೆರೆ, ಮೊಳಕಾಲ್ಮುರು ಕಡೆ ಯಾರಿಗಾದರೂ ತಲೆ ಸುತ್ತು ಬಂದರೆ ಮೊದಲ ಮಾತು, 'ನಡಿ, ಒಂದು ಬಾಟ್ಲಿ ಹಾಕಿಸ್ಕೊಂಡು ಬರೋಣ.' ಸುತ್ತು ಯಾಕೆ ಬಂತು ಅಂತ ನಾವೂ ಕೇಳಲ್ಲ, ಹಾಕುವವರೂ ಹೇಳಲ್ಲ.

ಆ ಬಾಟ್ಲಿಯಲ್ಲಿ ಏನಿದೆ? ಅರ್ಧ ಲೀಟರಿನ ಶೇ. 5ರ ಗ್ಲೂಕೋಸಿನಲ್ಲಿ 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಉಳಿದದ್ದು ನೀರು. ಬಿಸಿಲಲ್ಲಿ ಶೇಂಗಾ ಕಿತ್ತು ಸುಸ್ತಾದವರಿಗೆ, ಕುಡಿಯಲು ಆಗುವಂತಿದ್ದರೆ, ನೆರಳು ಮತ್ತು ಒಂದು ಲೀಟರ್ ನೀರಿಗೆ ಕಲಸಿದ ಒಂದು ಓಆರ್‌ಎಸ್ ಪೊಟ್ಟಣ ಸಾಕು. ಶುಗರ್ ಇರುವವರಿಗೆ ಪರೀಕ್ಷೆ ಮಾಡದೆ ಗ್ಲೂಕೋಸ್ ಏರಿಸಿದರೆ ಸಕ್ಕರೆ ಇನ್ನೂ ಮೇಲೇರಬಹುದು.

ನಮ್ಮ ದೊಡ್ಡಮ್ಮನಿಗೆ ಹಾಸಿಗೆಯಲ್ಲಿ ಮಗ್ಗುಲಾದರೆ ಮನೆಯೇ ಗಿರಗಿರ ತಿರುಗುತ್ತಿತ್ತು. ಮೂರು ಬಾಟ್ಲಿ ಏರಿಸಿದರು, ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು. ಕೊನೆಗೆ ಕಿವಿ ಡಾಕ್ಟರೊಬ್ಬರು ಮಂಚದ ಮೇಲೆ ತಲೆ ಹಿಡಿದು ಮಲಗಿಸಿ, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಎಬ್ಬಿಸಿದರು. ಹತ್ತು ನಿಮಿಷ. ಸುತ್ತು ನಿಂತಿತು. ಒಳಕಿವಿಯ ಸಣ್ಣ ಸುಣ್ಣದ ಹರಳುಗಳು ಜಾಗ ಬಿಟ್ಟು ಜಾರಿದರೆ ಹೀಗಾಗುತ್ತದೆ. ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ ಈ ವಿಧಾನವನ್ನು 1992ರಲ್ಲೇ ಪ್ರಕಟಿಸಿದರು. ಬೇಕಾಗಿರುವುದು ಒಂದು ಮಂಚ, ಕಲಿತ ಕೈ. ಇದನ್ನು ಪ್ರತಿ ಪಿಎಚ್‌ಸಿ ಡಾಕ್ಟರಿಗೂ ಕಲಿಸಲು ಯಾವ ಅನುದಾನ ಕಾಯಬೇಕು?

'ಬಾಟ್ಲಿ ಹಾಕಿದ ಮೇಲೆ ಆರಾಮಾಯ್ತಲ್ಲ' ಅನ್ನುತ್ತೀರಿ. ಹರಳಿನ ಸುತ್ತು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ತಾನೇ ನಿಲ್ಲುತ್ತದೆ. ಅಲ್ಲಾಡದೆ ಒಂದು ಗಂಟೆ ಮಲಗಿದ್ದಕ್ಕೆ ಆರಾಮಾಯಿತು. ಮರುದಿನ ಮಗ್ಗುಲಾದಾಗ ಮತ್ತೆ ಬರುತ್ತದೆ.

ಎಲ್ಲ ಸುತ್ತೂ ಕಿವಿಯದಲ್ಲ. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದರೆ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಬೇಕು. ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರಬಹುದು, ಹಿಮೋಗ್ಲೋಬಿನ್ ನೋಡಬೇಕು. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟವರಿಗೆ ಸಕ್ಕರೆ ಇಳಿದಿರಬಹುದು. ಸುತ್ತಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದ ವಯಸ್ಸಾದವರಿಗೆ ಕೈ ನಡುಕ ಬರುವುದೂ ಉಂಟು.

ಸುತ್ತಿನ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ ಲಕ್ವ ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ. ಮೆದುಳಿನ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವುದು ನಾಲ್ಕೂವರೆ ಗಂಟೆ. ಬಾಟ್ಲಿ ಖಾಲಿಯಾಗಲಿ ಅಂತ ಕಾಯುತ್ತ ಕೂತರೆ ಆ ಹೊತ್ತು ಕೈತಪ್ಪುತ್ತದೆ.

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: 'ಸಾರ್, ಈ ಸುತ್ತು ಯಾತರಿಂದ ಬಂತು?' ಉತ್ತರ ಸಿಗುವ ತನಕ ಸೂಜಿಗೆ ಕೈ ಚಾಚಬೇಡಿ.