ಶಿವನಸಮುದ್ರ: ಅಳಿಯಂದಿರ ಹಗೆಗೆ ಬಲಿಯಾದ ನಗರ

ಗಗನಚುಕ್ಕಿ, ಭರಚುಕ್ಕಿಗಳನ್ನು ಒಮ್ಮೆಯಾದರೂ ನೋಡದ ಕುಟುಂಬ ಮೈಸೂರು ಸೀಮೆಯಲ್ಲಿ ವಿರಳ. ಬುತ್ತಿ ಕಟ್ಟಿಕೊಂಡು ಹೋಗಿ, ನೀರಿನ ಭೋರ್ಗರೆತಕ್ಕೆ ಬೆರಗಾಗಿ, ಸಂಜೆಯ ವೇಳೆಗೆ ಹಿಂದಿರುಗುವುದು ವಾಡಿಕೆ. ಆದರೆ ಆ ಎರಡು ಧಾರೆಗಳ ನಡುವಣ ದ್ವೀಪದಲ್ಲಿ ಹಿಂದೆ ಕೋಟೆಯುಳ್ಳ ನಗರವೊಂದು ಮೆರೆದಿತ್ತೆಂಬುದನ್ನು ನೆನೆಯುವವರೆಷ್ಟು ಮಂದಿ?

ಅಜ್ಜೀಪುರ, ಹನೂರುಗಳ ಕಡೆಯಿಂದ ಬರುವವರು ಕೊಳ್ಳೇಗಾಲವನ್ನು ದಾಟಿ ಸತ್ತೇಗಾಲದ ಹಾದಿ ಹಿಡಿಯಬೇಕು. ಕಾವೇರಿ ಇಲ್ಲಿ ಎರಡಾಗಿ ಕವಲೊಡೆದು ದ್ವೀಪವನ್ನು ತಬ್ಬಿಕೊಂಡಿದ್ದಾಳೆ. ಶತ್ರುವಿಗೆ ದುರ್ಗಮವಾದ ಈ ನೆಲವನ್ನು ಉಮ್ಮತ್ತೂರಿನ ಪಾಳೆಯಗಾರರು ತಮ್ಮ ನೆಲೆಯಾಗಿ ಮಾಡಿಕೊಂಡರು. ಅವರಲ್ಲಿ ಹೆಸರಾದವನು ಗಂಗರಾಜ. ವಿಜಯನಗರಕ್ಕೆ ಎದುರು ನಿಂತ ಆತನನ್ನು 16ನೆಯ ಶತಮಾನದ ಆರಂಭದಲ್ಲಿ ಕೃಷ್ಣದೇವರಾಯನು ಸೋಲಿಸಿ ಕೋಟೆಯನ್ನು ವಶಪಡಿಸಿಕೊಂಡನೆಂದು ಚರಿತ್ರೆ ಹೇಳುತ್ತದೆ.

ಐತಿಹ್ಯವು ಹೇಳುವ ಕಥೆಯೇ ಬೇರೆ. ಅದರ ಪ್ರಕಾರ ಈ ನಗರ ಹಾಳಾದುದು ಸಾಮ್ರಾಟನ ಸೇನೆಯಿಂದಲ್ಲ, ಮನೆಯೊಳಗಿನ ಮಾತಿನಿಂದ. ಎರಡನೆಯ ಗಂಗರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಸತ್ತೇಗಾಲದ ಸಮೀಪದ ಕಿಲಿಮಲೆಗೂ ಇನ್ನೊಬ್ಬಳನ್ನು ಮದ್ದೂರಿನ ಬಳಿಯ ನಗರಕೆರೆಗೂ ಕೊಟ್ಟಿದ್ದನು. ತವರಿನ ವೈಭವವನ್ನು ಗಂಡನ ಮನೆಯಲ್ಲಿ ಕಾಣದೆ ಆ ಹೆಣ್ಣುಮಕ್ಕಳು ಪತಿಯರನ್ನು ದಿನವೂ ಹಂಗಿಸುತ್ತಿದ್ದರಂತೆ. ಮಾವನ ಗರ್ವ ಮುರಿದರಲ್ಲದೆ ಮಡದಿಯರ ಬಾಯಿ ನಿಲ್ಲದೆಂದು ಅಳಿಯಂದಿರಿಬ್ಬರೂ ಒಂದಾಗಿ ದಂಡೆತ್ತಿ ಬಂದರು. ಹನ್ನೆರಡು ವರ್ಷ ಮುತ್ತಿಗೆ ಹಾಕಿದರೂ ದ್ವೀಪವು ಕೈವಶವಾಗಲಿಲ್ಲ. ಕೊನೆಗೆ ದಳವಾಯಿಗೆ ಆಸೆ ತೋರಿಸಿದರು. ಅವನು ಹೊಳೆ ದಾಟಬಹುದಾಗಿದ್ದ ಒಂದೇ ಒಂದು ಕಡವಿನ ಕಾವಲನ್ನು ತೆಗೆಸಿ, ಅರಸನೊಡನೆ ಚದುರಂಗಕ್ಕೆ ಕುಳಿತನು. ಸೈನಿಕರ ಕೂಗು ಕಿವಿಗೆ ಬಿದ್ದಾಗಲೇ ಗಂಗರಾಜನಿಗೆ ದ್ರೋಹದ ಅರಿವಾದದ್ದು. ಅಂತಃಪುರದ ಸ್ತ್ರೀಯರನ್ನು ತನ್ನ ಕೈಯಾರೆ ಕೊಂದು, ವೈರಿಗಳ ನಡುವೆ ನುಗ್ಗಿ ಮಡಿದನು. ತಮ್ಮ ಹಗೆಯ ಫಲವನ್ನು ಕಂಡು ತತ್ತರಿಸಿದ ಅಳಿಯಂದಿರು ಜಲಪಾತಕ್ಕೆ ಹಾರಿದರು. ಮಡದಿಯರೂ ಅವರನ್ನೇ ಅನುಸರಿಸಿದರು.

ಕಥೆಯಲ್ಲಿ ತಪ್ಪೆಲ್ಲವೂ ಹೆಣ್ಣುಮಕ್ಕಳ ನಾಲಗೆಗೆ ಅಂಟಿದೆ. ಹನ್ನೆರಡು ವರ್ಷ ಹಟ ಹಿಡಿದ ಗಂಡಂದಿರನ್ನೂ, ಉಂಡ ಮನೆಗೆ ಎರಡು ಬಗೆದ ದಳವಾಯಿಯನ್ನೂ ಅದು ಅಷ್ಟಾಗಿ ದೂರುವುದಿಲ್ಲ. ಹೇಳಿದವರು ಗಂಡಸರಿರಬೇಕು!

ಪಾಳುಬಿದ್ದು ಕಾಡು ಬೆಳೆದಿದ್ದ ದ್ವೀಪಕ್ಕೆ ಮರಳಿ ಜನರನ್ನು ಕರೆತಂದವರು 19ನೆಯ ಶತಮಾನದ ಪೂರ್ವಾರ್ಧದಲ್ಲಿ, ಮೈಸೂರಿನ ರೆಸಿಡೆಂಟರ ಬಳಿ ಸೇವೆಯಲ್ಲಿದ್ದ ರಾಮಸ್ವಾಮಿ ಮೊದಲಿಯಾರರು. ಹೊಳೆಯ ತಳದ ಬಂಡೆಯ ಮೇಲೆಯೇ ಕಲ್ಲುಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಕಲ್ಲಿನ ತೊಲೆಗಳನ್ನು ಹೊದಿಸಿ ಅವರು ಸೇತುವೆಗಳನ್ನು ಸಿದ್ಧಗೊಳಿಸಿದರು. ಅದಕ್ಕಾಗಿ ಜಹಗೀರಿನೊಡನೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ದೊರೆಯಿತು. 1902ರಲ್ಲಿ ಇದೇ ಜಲಪಾತದ ಬಲದಿಂದ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು.

ಜನರು ‘ವೆಸ್ಲಿ ಸೇತುವೆ’ ಎಂದು ಕರೆಯುವ ಆ ಕಲ್ಲುಸೇತುವೆಯ ಒಂದು ಭಾಗವನ್ನು 2018ರ ಪ್ರವಾಹವು ಕೊಚ್ಚಿಕೊಂಡು ಹೋಯಿತು. ವಾಹನಗಳಿಗೆ ಹೊಸ ಸೇತುವೆ ಇದೆ, ನಿಜ. ಆದರೆ ಹಳೆಯದು ಇನ್ನಷ್ಟು ಕುಸಿದರೆ, ಹಾಳೂರನ್ನು ಊರಾಗಿಸಿದ ಕೆಲಸದ ಕುರುಹೇ ಅಳಿಸಿಹೋದೀತು. ಗಂಗರಾಜನ ನಗರವನ್ನು ಉಳಿಸುವುದು ನಮ್ಮ ಕೈಯಲ್ಲಿರಲಿಲ್ಲ. ಉಳಿದಿರುವ ಕಂಬಗಳ ಮಾತು ಹಾಗಲ್ಲ.

ಮುಂದಿನ ಸಲ ಜಲಪಾತಕ್ಕೆ ಹೋದ ವಾಚಕರು ಮಧ್ಯರಂಗನ ಗುಡಿಗೂ ಹೋಗಿ ಕೈಮುಗಿದು, ಸೇತುವೆಯ ಬಳಿ ಕೊಂಚ ಹೊತ್ತು ನಿಲ್ಲಲಿ. ಮಕ್ಕಳು ಕಾರಣ ಕೇಳಿದರೆ ಹೇಳಲು ಕಥೆಯಂತೂ ಇದೆ.