ಬೆಳಕು ತಿದ್ರಿ, ಮಾರಿ ತಿದ್ದಬ್ಯಾಡ್ರಿ

ಫೋಟೊ ಚಂದ ಮಾಡೋದು ತಪ್ಪು ಅಂತ ನಾ ಅನ್ನೂದಿಲ್ಲ. ಮಗಳು ಮೊಬೈಲಿನ್ಯಾಗ ಕಲಿಸಿಕೊಟ್ಟ ಮ್ಯಾಲೆ ನಾನೂ ಮಾಡ್ತೀನಿ. ಆದ್ರ ಮೂಲ ಫೋಟೊ ಹಂಗೇ ಇರಬೇಕು, ಮತ್ತ ತಿದ್ದೋದು ಬೆಳಕಿನ ತಪ್ಪು ಇರಬೇಕು, ಮನುಷ್ಯಾರ ಬಣ್ಣ ಅಲ್ಲ. ಯಾರಿಗರ ಖಾರ ಅನಿಸಿದ್ರೂ ಹೇಳೇ ಬಿಡ್ತೀನಿ.

ದೇವರ ಮನ್ಯಾಗ ಹಳದಿ ಬಲ್ಬಿನ ಕೆಳಗ ತಗದ ಫೋಟೊ ನೋಡ್ರಿ. ಎಲ್ಲಾರ ಮಾರಿಗೂ ಅರಿಷಿಣ ಹಚ್ಚಿಧಂಗ ಇರ್ತದ, ನೀಲಿ ಇಳಕಲ್ ಸೀರಿ ಕರ್ರಗ ಕಾಣ್ತದ. ಎಡಿಟ್ ಒಳಗ ವಾರ್ಮ್ತ್ ಅಂತ ಇರ್ತದ, ಅದನ್ನ ತುಸು ಇಳಸ್ರಿ. ಎಷ್ಟು ಅಂದ್ರ, ಫೋಟೊದಾಗ ಬೆಳ್ಳಗಿರಬೇಕಾದ್ದು ಒಂದು ಹುಡುಕ್ರಿ. ಧೋತರ, ಅನ್ನ, ಗ್ವಾಡಿ ಸುಣ್ಣ ಏನರ. ಅದು ಬೆಳ್ಳಗಾತು ಅಂದ್ರ ನಿಲ್ಲಸ್ರಿ. ಕಿಟಕಿಗೆ ಬೆನ್ನು ಹಾಕಿ ಕುಂತವ್ರ ಮಾರಿ ಕತ್ತಲಾಗಿದ್ರ ಇಡೀ ಫೋಟೊದ ಬ್ರೈಟ್‌ನೆಸ್ ಏರಿಸಬ್ಯಾಡ್ರಿ, ಹೊರಗಿನ ಗಿಡಾ ಮಾಯ ಆಗ್ತಾವ. ಶ್ಯಾಡೋಸ್ ಅಷ್ಟ ಏರಸ್ರಿ.

ಜಂಪರ ಹೊಲಿಸುವಾಗ ಒಳಗ ಒಂದೀಟು ಅರಿವಿ ಬಿಡಿಸ್ತೀವಲ್ಲ, ಮುಂದ ಬಿಚ್ಚಲಿಕ್ಕೆ ಬರಲಿ ಅಂತ? ಫೋಟೊಕ್ಕೂ ಹಂಗೇ. ಗೂಗಲ್ ಫೋಟೋಸ್‌ನ್ಯಾಗ ತಿದ್ದಿದ್ದನ್ನ ಕಾಪಿ ಅಂತ ಸೇವ್ ಮಾಡ್ರಿ. ಐಫೋನ್ ಇದ್ದವ್ರಿಗೆ ರಿವರ್ಟ್ ಅಂತ ಅದ, ಒತ್ತಿದ್ರ ಮೂಲ ವಾಪಸ್ ಬರ್ತದ. ಲೈಟ್‌ರೂಮ್ ಅನ್ನೂದಂತೂ ಮೂಲ ಫೋಟೊ ಮುಟ್ಟೂದೇ ಇಲ್ಲ, ಏನೇನು ತಿದ್ದೀರಿ ಅನ್ನೋ ಲೆಕ್ಕ ಬ್ಯಾರೆ ಇಟ್ಟಿರ್ತದ. ಮತ್ತ ವಾಟ್ಸಾಪಿನ್ಯಾಗ ಬಂದದ್ದೇ ಮೂಲ ಅಂತ ತಿಳೀಬ್ಯಾಡ್ರಿ, ಅದು ಕುಗ್ಗಿಸಿ ಕಳಸ್ತದ. ಡಾಕ್ಯುಮೆಂಟ್ ಮಾಡಿ ಕಳಸ್ರಿ ಅಂತ ಹೇಳ್ರಿ.

ಇಷ್ಟ್ಯಾಕ ಹೇಳ್ತೀನಿ ಅಂದ್ರ, ನಮ್ಮ ಓಣ್ಯಾಗ ಒಬ್ಬಾಕಿ ತನ್ನ ಅವ್ವನ ಒಂದೇ ಒಂದು ಫೋಟೊ ದೊಡ್ಡದು ಮಾಡಿಸಲಿಕ್ಕೆ ಸ್ಟುಡಿಯೋಕ್ಕ ಕೊಟ್ಟಿದ್ಲು. ಆಕಿ ಅವ್ವ ಬಿಸಲಾಗ ಹೊಲದಾಗ ದುಡದಾಕಿ, ಕಪ್ಪು ಮೈಬಣ್ಣ, ಗದ್ದದ ಮ್ಯಾಲೆ ಹಚ್ಚಿಬೊಟ್ಟು. ಕಟ್ಟು ಹಾಕಿ ಬಂದದ್ದು ಗುಲಾಬಿ ಮಾರಿ, ತೀಡಿದ ಹುಬ್ಬು. ಹಚ್ಚಿಬೊಟ್ಟನ್ನ ಕಲಿ ಅಂತ ಒರಸಿಬಿಟ್ಟಿದ್ರು. ಹಳೇದು ಕೇಳಿದ್ರ ಎಲ್ಲೋ ಕಳದದ ಅಂದ್ರಂತ. ಈಗ ಅವರ ಮನಿ ಗ್ವಾಡಿ ಮ್ಯಾಲೆ ಯಾರೋ ಇದ್ದಾರ, ಆ ಅವ್ವ ಇಲ್ಲ.

ಹೆಣ್ಣು ತೋರಿಸಲಿಕ್ಕೆ ಕಳಸೋ ಫೋಟೊದ್ದೂ ಇದೇ ಗೋಳು. “ಎಲ್ಲಾರೂ ಬೆಳ್ಳಗ ಮಾಡಿ ಕಳಸ್ತಾರ, ನಾವಷ್ಟ ಯಾಕ ಬಿಡಬೇಕು” ಅಂತೀರಿ ವೈನಿ. ನೋಡಲಿಕ್ಕೆ ಬಂದವ್ರು ಹುಡುಗಿ ಮಾರಿ ನೋಡಿ, ಮತ್ತ ಮೊಬೈಲ್ ನೋಡಿ, ಮತ್ತ ಹುಡುಗಿ ನೋಡ್ತಾರ. ತಟ್ಟಿ ಹಿಡಕೊಂಡು ನಿಂತಾಕಿ ಅದನ್ನ ಕಾಣೂದಿಲ್ಲೇನು? ತನ್ನ ಮನಿಯವ್ರಿಗೇ ತನ್ನ ಬಣ್ಣ ನಾಚಿಕಿ ಅಂತ ಆಕಿಗೆ ಮೊದಲೇ ಗೊತ್ತಾಗಿರ್ತದ.

ದೀಪಾವಳಿ ಸ್ವಚ್ಛ ಮಾಡುವಾಗ ಹಳೇ ಅಲ್ಬಮ್ ಸಿಕ್ರ ನಮ್ಮ ಮನಿಗೆ ತರ್ರಿ. ಮಗಳು ಸ್ಕ್ಯಾನ್ ಮಾಡಿ, ತಿದ್ದಿದ್ದೊಂದು, ತಿದ್ದದೇ ಇದ್ದದ್ದೊಂದು, ಎರಡೂ ಪೆನ್‌ಡ್ರೈವಿಗೆ ಹಾಕಿಕೊಡ್ತಾಳ. ಅಲ್ಬಮ್ ಅಂತೂ ಚಾ ಕುಡಿಯೂದ್ರೊಳಗ ನಿಮ್ಮ ಕೈಗೇ ವಾಪಸ್.