ಗಾಂಜಾ ಗಿಡ: ಭಾಗಗಳ ಅರಿವು, ನೆಲದ ಹೊಣೆ

ಕಾಳಿ ನದಿಯ ದಂಡೆಯ ಹಣಕೋಣದಲ್ಲಿ ಗದ್ದೆ ಮುಗಿದಲ್ಲಿ ಗುಡ್ಡ, ಗುಡ್ಡದಾಚೆ ಕಾಡು. ಕಾರವಾರ, ಅಂಕೋಲಾ ತಾಲ್ಲೂಕುಗಳ ಒಳಭಾಗದ ಅನೇಕ ಊರುಗಳ ನೆಲವೂ ಹೀಗೆಯೇ ಇದೆ. ಕಾಡಂಚಿನ ತುಂಡು ಭೂಮಿಯಲ್ಲಿ ಏನು ಬೆಳೆದಿದೆ ಎಂಬುದು ಮನೆಯ ಜಗುಲಿಯಿಂದ ಕಾಣುವುದಿಲ್ಲ. ಇಂತಹ ನೆಲವುಳ್ಳವರು ಬೆಳೆಯದಿದ್ದರೂ ತಿಳಿದಿರಲೇಬೇಕಾದ ಗಿಡವೊಂದಿದೆ, ಅದು ಗಾಂಜಾ. ಒಂದೆಡೆ ಅದನ್ನು ಬೆಳೆದವರು ಸೆರೆಯಾದ ಸುದ್ದಿ ಬರುತ್ತದೆ. ಇನ್ನೊಂದೆಡೆ ಅದೇ ಗಿಡದ ನಾರಿನ ಬಟ್ಟೆ, ಬೀಜದ ಎಣ್ಣೆ ಬಹಿರಂಗವಾಗಿ ಮಾರಾಟವಾಗುತ್ತವೆ. ಈ ಗೊಂದಲಕ್ಕೆ ಉತ್ತರ ಗಿಡದ ಭಾಗಗಳಲ್ಲಿದೆ.

ಗಾಂಜಾದಲ್ಲಿ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದ ಹೂಗೊಂಚಲಿನ ಮೇಲಿರುವ ಸೂಕ್ಷ್ಮ ಗ್ರಂಥಿಗಳಲ್ಲಿ ಅಂಟು ರಾಳ ಹುಟ್ಟುತ್ತದೆ. ಮತ್ತೇರಿಸುವ ಟಿಎಚ್‌ಸಿ ಎಂಬ ರಾಸಾಯನಿಕ ಹೆಚ್ಚಾಗಿರುವುದು ಇಲ್ಲಿಯೇ. ಹೂಗೊಂಚಲು ಗಾಂಜಾ, ಬೇರ್ಪಡಿಸಿದ ರಾಳ ಚರಸ್, ಎಲೆಯಿಂದ ಮಾಡಿದ್ದು ಭಂಗಿ. ಎಲೆಯಲ್ಲಿ ಆ ಅಂಶ ಕಡಿಮೆ. ಬೀಜದ ಒಳತಿರುಳಿನಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಅಲ್ಲಿರುವುದು ಎಣ್ಣೆ ಮತ್ತು ಸಸಾರಜನಕ. ಕಾಂಡದ ಸಿಪ್ಪೆ ಗಟ್ಟಿ ನಾರನ್ನು ಕೊಡುತ್ತದೆ. ಹಾಯಿಬಟ್ಟೆಗೆ ಬಂದ ಕ್ಯಾನ್ವಾಸ್ ಎಂಬ ಹೆಸರಿನ ಮೂಲವೂ ಈ ಗಿಡದ ಹೆಸರೇ. ಸಿಪ್ಪೆ ಸುಲಿದ ಮೇಲೆ ಉಳಿಯುವ ಕಾಂಡದ ತಿರುಳನ್ನು ಸುಣ್ಣದೊಡನೆ ಕಲಸಿ ಗೋಡೆ ಕಟ್ಟಲು ಬಳಸುತ್ತಾರೆ. ಎಲ್ಲೋರಾ ಗುಹೆಗಳ ಮಣ್ಣಿನ ಗಿಲಾವಿನಲ್ಲಿಯೂ ಈ ಗಿಡದ ಅಂಶಗಳಿರುವುದನ್ನು ಸಂಶೋಧಕರು 2016ರಲ್ಲಿ ವರದಿ ಮಾಡಿದ್ದಾರೆ.

1985ರ ಮಾದಕ ವಸ್ತುಗಳ ಕಾಯ್ದೆಯೂ ಈ ಭೇದವನ್ನು ಒಪ್ಪಿದೆ. ಅದರ ವ್ಯಾಖ್ಯೆಯಂತೆ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಭಾಗ. ತುದಿಯೊಡನೆ ಕೂಡಿರದ ಎಲೆ ಮತ್ತು ಬೀಜ ಅದರಲ್ಲಿ ಸೇರುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಪ್ರಕರಣವೊಂದರಲ್ಲಿ, ಭಂಗಿಯು ಈ ಕಾಯ್ದೆಯಡಿ ನಿಷೇಧಿತ ವಸ್ತುವಲ್ಲವೆಂದು ಗಮನಿಸಿತು. 2021ರ ನವೆಂಬರಿನಲ್ಲಿ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರವು ಬೀಜ, ಬೀಜದ ಎಣ್ಣೆ ಮತ್ತು ಹಿಟ್ಟನ್ನು ಆಹಾರವಾಗಿ ಮಾರಲು ಮಿತಿಗಳೊಡನೆ ಅನುಮತಿ ನೀಡಿತು.

ಹಾಗೆಂದು ಯಾರೂ ಮೋಸಹೋಗಬಾರದು. ಭಾಗಗಳಲ್ಲಿ ಭೇದವಿದೆ, ಬೇಸಾಯದಲ್ಲಿ ಇಲ್ಲ. ಪರವಾನಗಿಯಿಲ್ಲದೆ ಒಂದೇ ಗಿಡ ಬೆಳೆದರೂ ಅದು ಅಪರಾಧ. ಹತ್ತು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ತನ್ನ ನೆಲದಲ್ಲಿ ಅಕ್ರಮವಾಗಿ ಬೆಳೆದ ಗಿಡದ ಸಂಗತಿಯನ್ನು ಕೂಡಲೇ ತಿಳಿಸುವುದು ಕಾಯ್ದೆಯ 46ನೆಯ ಕಲಮಿನಂತೆ ಭೂಹಿಡುವಳಿದಾರನ ಕರ್ತವ್ಯ. ತಿಳಿದೂ ಸುಮ್ಮನಿದ್ದರೆ ಶಿಕ್ಷೆಯುಂಟು. 47ನೆಯ ಕಲಮು ಇದೇ ಹೊಣೆಯನ್ನು ಪಂಚರು ಹಾಗೂ ಗ್ರಾಮಾಧಿಕಾರಿಗಳ ಮೇಲೂ ಹೊರಿಸಿದೆ. ಗೇಣಿಗೆ ಕೊಟ್ಟ ಭೂಮಿಯಲ್ಲಿ ಶುಂಠಿ ಸಾಲಿನ ನಡುವೆ ಬೇರೇನಾದರೂ ತಲೆಯೆತ್ತಿದೆಯೇ ಎಂದು ನೋಡುವುದು ಆದುದರಿಂದ ಕೇವಲ ಕುತೂಹಲವಲ್ಲ, ಆತ್ಮರಕ್ಷಣೆ.

ಕಾನೂನು ಜಾರಿಮಾಡುವವರಿಗೂ ಈ ಭೇದ ನೆನಪಿರಬೇಕು. ಗಾಂಜಾ 20 ಕಿಲೋ ಮೀರಿದರೆ ಅದನ್ನು ವಾಣಿಜ್ಯ ಪ್ರಮಾಣವೆಂದು ಪರಿಗಣಿಸಲಾಗುತ್ತದೆ. ಆಗ ಶಿಕ್ಷೆ ಹತ್ತು ವರ್ಷಕ್ಕಿಂತ ಕಡಿಮೆಯಿಲ್ಲ, ಜಾಮೀನೂ ದುರ್ಲಭ. ಬೇರು, ಕಾಂಡ, ಎಲೆ, ಬೀಜ ಎಲ್ಲವನ್ನೂ ಸೇರಿಸಿ ಹಸಿಯಾಗಿಯೇ ತೂಗಿದರೆ ಕೆಲವೇ ಗಿಡಗಳು ಆ ತೂಕವನ್ನು ಮೀರಬಲ್ಲವು. ಹೀಗೆ ತೂಗಿದ ಪ್ರಕರಣಗಳು ಅನೇಕ ಹೈಕೋರ್ಟ್‌ಗಳಲ್ಲಿ ಪ್ರಶ್ನೆಗೊಳಗಾಗಿವೆ. ವಕೀಲರನ್ನು ನೇಮಿಸುವ ಶಕ್ತಿಯಿಲ್ಲದ ಕೂಲಿಕಾರನೊಬ್ಬನ ಮಟ್ಟಿಗೆ ಈ ತೂಕದ ಲೆಕ್ಕವೇ ಬದುಕಿನ ಲೆಕ್ಕ. ಹೂಗೊಂಚಲನ್ನು ಬೇರ್ಪಡಿಸಿ ತೂಗಬೇಕೆಂಬ ಬೇಡಿಕೆ ಅಪರಾಧದ ಪಕ್ಷಪಾತವಲ್ಲ. ಕಾಯ್ದೆಯ ಮಾತನ್ನೇ ಪಾಲಿಸಿರೆಂಬ ಕೋರಿಕೆ.

ಇನ್ನು ನಾರು ಬೆಳೆಯ ಆಸೆ. ಕಾಯ್ದೆಯ 14ನೆಯ ಕಲಮಿನಂತೆ ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು. ಗುಡ್ಡಗಾಡು ರಾಜ್ಯವಾದ ಉತ್ತರಾಖಂಡ 2018ರಲ್ಲಿ ಇಂತಹ ಪರವಾನಗಿ ನೀಡಿತು; ಟಿಎಚ್‌ಸಿ ಶೇ. 0.3 ಮೀರಬಾರದೆಂಬುದು ಅಲ್ಲಿಯ ನಿಯಮ. ಆದರೆ ಈ ಗಿಡದ ಪರಾಗ ಗಾಳಿಯಲ್ಲಿ ಬಹುದೂರ ಸಾಗುತ್ತದೆ. ಬೇರೆ ತಳಿಯ ಪರಾಗ ಬೆರೆತ ಬೀಜವನ್ನು ಮರುವರ್ಷ ಬಿತ್ತಿದರೆ ಮಿತಿ ಮೀರುವ ಅಪಾಯವಿದೆ. ಆ ನಷ್ಟ ಬೆಳೆಗಾರನದೇ. ‘ಈ ಗಿಡಕ್ಕೆ ಈಗ ನಿಷೇಧವಿಲ್ಲ’ ಎನ್ನುತ್ತ ಬರುವ ಮಧ್ಯವರ್ತಿಯಿಂದ ಮೊದಲು ಪರವಾನಗಿಯ ಪತ್ರ ಕೇಳಬೇಕು.

ನಾರೇ ಬೇಕಿದ್ದರೆ ಅಂಜಿಕೆಯಿಲ್ಲದ ಗಿಡಗಳಿವೆ. ಸೆಣಬು ನಾರನ್ನೂ ಕೊಡುತ್ತದೆ, ಹೂ ಬಿಡುವ ಹೊತ್ತಿಗೆ ಉತ್ತರೆ ಗದ್ದೆಗೆ ಹಸಿರು ಗೊಬ್ಬರವೂ ಆಗುತ್ತದೆ. ಪುಂಡಿಯ ಎಲೆ ಪಲ್ಯಕ್ಕೆ, ಕಾಂಡ ಹಗ್ಗಕ್ಕೆ. ಅದರ ಎಲೆ ಗಾಂಜಾದ ಎಲೆಯನ್ನು ಹೋಲುವುದರಿಂದ ಸಸ್ಯಶಾಸ್ತ್ರಜ್ಞರು ಅದಕ್ಕೆ ಹೈಬಿಸ್ಕಸ್ ಕ್ಯಾನಬಿನಸ್ ಎಂದೇ ಹೆಸರಿಟ್ಟರು. ತೆಂಗಿನ ನಾರಂತೂ ಕರಾವಳಿಯ ಮನೆಮನೆಯ ವಸ್ತು.

ವಿದ್ಯಾರ್ಥಿಗಳಿಗೂ ಇದೇ ವಿವರ ಬೇಕು. ‘ಅದು ಬರೀ ಸೊಪ್ಪು’ ಎನ್ನುವ ಗೆಳೆಯನ ಮಾತಿಗೂ ‘ಅದು ಬರೀ ವಿಷ’ ಎನ್ನುವ ಭಾಷಣಕ್ಕೂ ನಡುವೆ ಸತ್ಯವಿದೆ. ಬೀಜ ಆಹಾರವಾಗಬಲ್ಲದು, ಕಾಂಡ ಬಟ್ಟೆಯಾಗಬಲ್ಲದು. ಆದರೆ ಹೂವಿನ ಹೊಗೆ ಬೆಳೆಯುತ್ತಿರುವ ಮಿದುಳಿನ ನೆನಪು ಮತ್ತು ಏಕಾಗ್ರತೆಯನ್ನು ಕೆಡಿಸುತ್ತದೆ, ಕೆಲವರಲ್ಲಿ ತೀವ್ರ ಮನೋರೋಗಕ್ಕೂ ದಾರಿಮಾಡುತ್ತದೆ.

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ, 2010ರ ಸುಮಾರಿಗೆ, ಹಣಕೋಣದ ಜನ ಅದನ್ನು ವಿರೋಧಿಸಿ ನಿಂತರು. ತಮ್ಮ ನೆಲದ ಮೇಲೆ ಏನು ಬರಬೇಕೆಂದು ಕೇಳುವ ಹಕ್ಕನ್ನು ಅಂದು ಊರು ಬಳಸಿತು. ಆ ನೆಲದ ಅಂಚಿನಲ್ಲಿ ಏನು ಬೆಳೆಯುತ್ತಿದೆ ಎಂದು ನೋಡಿಕೊಳ್ಳುವುದು ಅದೇ ಹಕ್ಕಿನ ಇನ್ನೊಂದು ಮುಖ. ಮುಂದಿನ ಗ್ರಾಮಸಭೆಗಳಲ್ಲಿ 46 ಮತ್ತು 47ನೆಯ ಕಲಮುಗಳನ್ನು ಕನ್ನಡದಲ್ಲಿ ಒಮ್ಮೆ ಓದಿಸಿದರೆ ಮೊದಲ ಹೆಜ್ಜೆ ಇಟ್ಟಂತಾದೀತು.